ಉಚ್ಚಾರ ತಪ್ಪಿದರೆ ನಗು, ಅರ್ಥ ತಪ್ಪಿದರೆ ಸಾಲ

ಮನೆಯಲ್ಲಿ ಸಾಲದ ಮೇಲೆ ತಂದ ಟ್ರ್ಯಾಕ್ಟರ್ ಅಥವಾ ಬೈಕ್ ಇದ್ದರೆ ಅದರ ಆರ್‌ಸಿ ಕಾರ್ಡ್ ಒಮ್ಮೆ ತೆಗೆದು ನೋಡಿ. ಸಾಲ ಕೊಟ್ಟವರ ಹೆಸರಿನ ಜೊತೆ ‘ಹೈಪಾಥಿಕೇಶನ್’ ಎಂಬ ಮಾರುದ್ದದ ಪದ ಇರುತ್ತದೆ. ಗುರುಗುಂಟಾ, ಹಟ್ಟಿ, ಲಿಂಗಸುಗೂರು ಕಡೆ ಇಂಥ ಗಾಡಿಗಳಿಗೆ ಬರವಿಲ್ಲ. ಆ ಪದದ ಅರ್ಥ ಬಿಡಿಸಿ ಹೇಳುವವರಿಗೆ ಬರ.

ಇಂಗ್ಲಿಷ್ ಪದ ಎದುರಾದರೆ ನಮ್ಮ ಊರುಗಳಲ್ಲಿ ಮೊದಲು ಹುಟ್ಟುವುದು ಉಚ್ಚಾರದ ಭಯ. ತಪ್ಪು ಅಂದರೆ ಯಾರಾದರೂ ನಕ್ಕಾರು ಎಂಬ ಅಂಜಿಕೆ. ಹೀಗಾಗಿ ಕೌಂಟರ್ ಮುಂದೆ ನಿಂತವರು ಆ ಪದವನ್ನೇ ಬಾಯಿಗೆ ತರುವುದಿಲ್ಲ. ‘ಹೂಂ ರೀ’ ಅಂದು ಸಹಿ ಹಾಕಿ ಬರುತ್ತಾರೆ. ನಾವು ಹೇಳುವುದು ಇಷ್ಟೇ: ಉಚ್ಚಾರ ಆಮೇಲೆ ಕಲಿಯೋಣ, ಅರ್ಥ ಮೊದಲು ಕೇಳೋಣ.

ಉಚ್ಚಾರಕ್ಕೆ ಅಂಜುವುದರಲ್ಲಿ ಅರ್ಥವೂ ಇಲ್ಲ. ನಮ್ಮ ಪಕ್ಕದ ಹಟ್ಟಿಯ ಚಿನ್ನದ ಗಣಿಯ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಎಚ್ ಆದಮೇಲೆ ‘ಯು’ ಅಕ್ಷರ ಬರೆಯುತ್ತಾರೆ. ಗೊತ್ತಿಲ್ಲದವರು ಅದನ್ನು ‘ಹುಟ್ಟಿ’ ಎಂದು ಓದಿದರೆ ಅವರ ತಪ್ಪಲ್ಲ. ‘ಕಟ್’ ಪದದ ‘ಯು’ ಥರ ಓದಬೇಕು ಎಂದು ಆ ಅಕ್ಷರ ಹೇಳುವುದಿಲ್ಲ, ಊರಿನವರೇ ಹೇಳಬೇಕು. ಇಂಗ್ಲಿಷಿನದ್ದು ಎಲ್ಲ ಕಡೆ ಇದೇ ಕಥೆ. ಸಾಲಕ್ಕೆ ‘ಡೆಟ್’ ಅನ್ನುತ್ತಾರೆ, ನಡುವೆ ಒಂದು ‘ಬಿ’ ಸುಮ್ಮನೆ ಕೂತಿರುತ್ತದೆ. ಫ್ರೆಂಚಿನಿಂದ ಬಂದಾಗ ಆ ಪದಕ್ಕೆ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲ ತೋರಿಸಬೇಕೆಂದು ಪಂಡಿತರು ಆಮೇಲೆ ಸೇರಿಸಿದರು. ‘ರಿಸೀಟ್’ ಪದದ ‘ಪಿ’ ಕೂಡ ಹಾಗೇ ಬಂದದ್ದು. ಬರೆದದ್ದನ್ನು ಓದಿದವರು ತಪ್ಪಿತಸ್ಥರಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರು. ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದಲ್ಲಿ ಕಚೇರಿ ನಡೆದದ್ದು ಉರ್ದುವಿನಲ್ಲಿ. ಜಾಮೀನು, ಜಪ್ತಿ, ಬಾಕಿ, ವಸೂಲಿ, ತಕರಾರು, ರಸೀದಿ ಎಲ್ಲವೂ ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಪದಗಳು. ಅಲ್ಲಿನ ‘ಜಬ್ತಿ’ ನಮ್ಮ ಬಾಯಲ್ಲಿ ‘ಜಪ್ತಿ’ ಆಯಿತು. ಯಾರೂ ನಗಲಿಲ್ಲ. ಓದು ಬಾರದ ಅಜ್ಜನಿಗೂ ಜಾಮೀನು ನಿಂತರೆ ಏನಾಗುತ್ತದೆ, ಜಪ್ತಿ ಬಂದರೆ ಮನೆಯಿಂದ ಏನು ಹೋಗುತ್ತದೆ ಎಂಬುದು ಗೊತ್ತಿತ್ತು. ಪದವನ್ನು ತಮ್ಮ ನಾಲಿಗೆಗೆ ಬಗ್ಗಿಸಿದರು, ಅರ್ಥವನ್ನು ಗಟ್ಟಿ ಹಿಡಿದರು. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ.

ಈಗ ನಮ್ಮ ಕಾಗದಗಳಲ್ಲಿ ಬರುವ ನಾಲ್ಕು ಪದ ನೋಡೋಣ.

ಮೊದಲನೆಯದು ಹೈಪಾಥಿಕೇಶನ್. ಗಾಡಿ ನಿಮ್ಮ ಅಂಗಳದಲ್ಲೇ ಇರುತ್ತದೆ, ಓಡಿಸುವವರು ನೀವೇ. ಆದರೆ ಸಾಲ ತೀರುವವರೆಗೆ ಅದರ ಮೇಲೆ ಸಾಲ ಕೊಟ್ಟವರ ಹಕ್ಕಿರುತ್ತದೆ. ಕೊನೆ ಕಂತು ಕಟ್ಟಿದ ದಿನ ಆ ಪದ ತಾನಾಗಿ ಅಳಿಸಿಹೋಗುತ್ತದೆ ಎಂದು ಸುಮ್ಮನೆ ಕೂರಬೇಡಿ. ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಟಿಒದಲ್ಲಿ ತೆಗೆಸಿದ್ದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಗಾಡಿ ಮಾರುವ ದಿನ ತೊಡಕು.

ಎರಡನೆಯದು ಮಾರ್ಗೇಜ್. ನಡುವಿನ ‘ಟಿ’ ಉಚ್ಚರಿಸುವುದಿಲ್ಲ. ಹಳೆಯ ಫ್ರೆಂಚಿನಲ್ಲಿ ಇದರ ಅರ್ಥ ‘ಸತ್ತ ಒತ್ತೆ’. ಸಾಲ ತೀರಿಸದಿದ್ದರೆ ಆಸ್ತಿ ನಿಮ್ಮ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆ ಸತ್ತಂತೆ. ನಮ್ಮ ಮಾತಲ್ಲಿ ಅಡಮಾನ. ಹೊಲ ಅಡ ಇಟ್ಟರೆ ಪಹಣಿಯ 11ನೇ ಕಾಲಂನಲ್ಲಿ ಅದು ಕಾಣುತ್ತದೆ. ಸಾಲ ತೀರಿದ ಮೇಲೆ ಆ ಕಾಲಂ ಖಾಲಿಯಾಯಿತೇ ಎಂದು ಹೊಸ ಪಹಣಿ ತೆಗೆಸಿ ನೋಡಿ.

ಮೂರನೆಯದು ಲೀನ್. ಕೆಲವರು ‘ಲೀಯನ್’ ಅನ್ನುತ್ತಾರೆ, ಎರಡೂ ಸರಿ. ಮೊಬೈಲಿಗೆ ‘ಲೀನ್ ಮಾರ್ಕ್ ಆಗಿದೆ’ ಎಂಬ ಮೆಸೇಜ್ ಬಂದರೆ ಅರ್ಥ ಇದು: ಹಣ ನಿಮ್ಮ ಖಾತೆಯಲ್ಲಿದೆ, ಆದರೆ ಅಷ್ಟು ಮೊತ್ತ ತೆಗೆಯಲು ಬಾರದಂತೆ ತಡೆ ಹಿಡಿದಿದ್ದಾರೆ. ಹಳೆ ಸಾಲದ ಬಾಕಿ ಇರಬಹುದು, ಸೈಬರ್ ದೂರು ಇರಬಹುದು. ಯಾರ ಹೇಳಿಕೆಯ ಮೇಲೆ, ಎಷ್ಟು ಮೊತ್ತಕ್ಕೆ, ಯಾವ ಕಾರಣಕ್ಕೆ ಎಂದು ಶಾಖೆಗೆ ಅರ್ಜಿ ಬರೆದು ಕೇಳಿ, ಸ್ವೀಕೃತಿ ಪಡೆಯಿರಿ.

ನಾಲ್ಕನೆಯದು ಮೊರಟೋರಿಯಂ. ಅರ್ಥ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಮೊರಟೋರಿಯಂಗೆ ಅವಕಾಶ ಕೊಟ್ಟಿತು. ಮುಂದೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಇದನ್ನು ‘ಮನ್ನಾ’ ಎಂದು ತಿಳಿದರೆ ಕೆಟ್ಟಂತೆ. ಲ್ಯಾಟಿನ್ ಮೂಲದಲ್ಲೇ ಅದರ ಅರ್ಥ ತಡ ಮಾಡುವುದು. ಕಂತು ಮುಂದೆ ಹೋಯಿತು, ಬಡ್ಡಿ ನಿಲ್ಲಲಿಲ್ಲ.

‘ಮಕ್ಕಳಿಗೆ ನೌಕರಿ ಬೇಕಲ್ಲ, ಉಚ್ಚಾರ ಬ್ಯಾಡೇನ್ರೀ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಮೊಬೈಲ್ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರ ಪುಕ್ಕಟೆ ಸಿಗುತ್ತದೆ. ಆದರೆ ನಿಮ್ಮ ಕಾಗದದಲ್ಲಿ ಆ ಪದ ನಿಮ್ಮನ್ನು ಯಾವುದಕ್ಕೆ ಕಟ್ಟಿಹಾಕುತ್ತದೆ ಎಂದು ಆ ಸ್ಪೀಕರ್ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕಾಗದ ಕೊಟ್ಟವರು.

ಇದು ಉಪಕಾರದ ಮಾತಲ್ಲ. ಮೈಕ್ರೋಫೈನಾನ್ಸ್ ಸಾಲದ ಕರಾರು, ಸಾಲದ ಕಾರ್ಡ್ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಹೊಸ ರಿಟೇಲ್ ಸಾಲಗಳಿಗೆ ಬಡ್ಡಿ, ಶುಲ್ಕಗಳ ಮುಖ್ಯ ವಿವರದ ಹಾಳೆಯನ್ನು ತಿಳಿಯುವ ಭಾಷೆಯಲ್ಲಿ ಕೊಟ್ಟು, ವಿವರಿಸಿ, ಅರ್ಥವಾಗಿದೆ ಎಂದು ಒಪ್ಪಿಗೆ ಪಡೆಯಬೇಕು ಎಂಬುದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಗುಂಪಿನ ಸಾಲಕ್ಕೆ ಸಹಿ ಹಾಕುವ ಅಕ್ಕಂದಿರಿಗೆ ಇದು ಮೊದಲು ತಿಳಿಯಬೇಕು.

ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಇಂಥ ಇಪ್ಪತ್ತು ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದು ಅಂಟಿಸಲು ದೊಡ್ಡ ಖರ್ಚಿಲ್ಲ. ಪಿಯುಸಿ ಓದುವ ಹುಡುಗ ಹುಡುಗಿಯರೇ ಒಂದು ಭಾನುವಾರ ಕೂತು ಮಾಡಬಹುದು. ಅಲ್ಲಿಯವರೆಗೆ, ಪೆನ್ನು ಕೈಗೆ ಕೊಟ್ಟವರಿಗೆ ಒಂದೇ ಮಾತು ಸಾಕು: ‘ಇದು ನಮಗ ತಿಳಿಲಿಲ್ರೀ, ಕನ್ನಡದಾಗ ಹೇಳ್ರಿ, ಆಮ್ಯಾಲ ಸಹಿ.’