ಎಲ್ಲಿ ಇಂಗಿಸಬಾರದು?

ಮಳೆನೀರನ್ನು ನೆಲಕ್ಕೆ ಇಂಗಿಸಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಇಂಗುಗುಂಡಿ ಎಂಬುದು ಮನೆಮಾತಾಯಿತು, ಒಳ್ಳೆಯದೇ ಆಯಿತು. ಆದರೆ ಅಲ್ಲಿನ ಕೆಂಪು ನೆಲದಲ್ಲಿ ರೂಢಿಯಾದ ಗುಂಡಿ ಹುಬ್ಬಳ್ಳಿ, ನವಲಗುಂದ, ಗದಗದ ಎರೆನೆಲಕ್ಕೂ ಅದೇ ಅಳತೆಯಲ್ಲಿ ಬಂದಾಗ, ‘ಮನೆಗೊಂದು ಇಂಗುಗುಂಡಿ’ ಎನ್ನುವವರ ಕಾಳಜಿಯನ್ನು ಗೌರವಿಸುತ್ತಲೇ ಒಂದು ಮಾತು ಕೇಳಬೇಕೆನಿಸುತ್ತದೆ. ಗುಂಡಿಯ ಕೆಳಗೆ ಏನಿದೆ ಎಂದು ಯಾರಾದರೂ ನೋಡಿದ್ದಾರೆಯೇ?

ಲೆಕ್ಕ ಹಾಕಿ ನೋಡೋಣ. 100 ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್ ನೀರು. 1.2 ಮೀಟರ್ ಅಗಲ, 3 ಮೀಟರ್ ಆಳದ ದುಂಡು ಗುಂಡಿಗೆ ದಪ್ಪ ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವ ಜಾಗ 1,300 ಲೀಟರಿನಷ್ಟು. ಎರೆಯೂ ಜೇಡಿಯೇ; ನೆನೆದ ಜೇಡಿಮಣ್ಣು ಗಂಟೆಗೆ 1ರಿಂದ 5 ಮಿಲಿಮೀಟರ್ ಮಾತ್ರ ಕುಡಿಯುತ್ತದೆ. 2 ಎಂದು ಹಿಡಿದರೆ, ತಳ ಗೋಡೆ ಎಲ್ಲ ಸೇರಿಯೂ ಗಂಟೆಗೆ 25 ಲೀಟರ್. ಗುಂಡಿ ಬರಿದಾಗಲು ಎರಡು ದಿನ ಸಾಲದು; ಮರುದಿನದ ಮಳೆಯ ಬಹುಪಾಲು ರಸ್ತೆಗೇ ಹರಿಯುತ್ತದೆ.

ಅಷ್ಟಕ್ಕೇ ಮುಗಿದರೆ ನಷ್ಟ ಗುಂಡಿಯ ಖರ್ಚಿನದು ಮಾತ್ರ. ಆದರೆ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಹೊಲಗಳ ಬಿರುಕಿನಲ್ಲಿ ಕೈ ಇಳಿಸಬಹುದು. ಈ ಮಣ್ಣಿನ ಕಾಟ ತಾಳಲಾರದೆಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ಅಡಿಪಾಯವನ್ನು ರೂಪಿಸಿದ್ದು. ಅಂಥ ನೆಲದಲ್ಲಿ ಮನೆಯ ಗೋಡೆಗೆ ಹತ್ತಿರವೇ ನೀರು ನಿಲ್ಲಿಸಿದರೆ ಅಡಿಪಾಯದ ಒಂದು ಮೂಲೆ ಎದ್ದು ಗೋಡೆ ಸೀಳುತ್ತದೆ. ಸಾಲ ಮಾಡಿ ಕಟ್ಟಿಸಿದ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು, ‘ಜೇಡಿನೆಲ, ಇಲ್ಲಿ ಏನೂ ಇಂಗುವುದಿಲ್ಲ, ಚರಂಡಿಗೆ ಬಿಡಿ’ ಎನ್ನುವ ಎಂಜಿನಿಯರರ ಮಾತನ್ನೂ ನಾನು ಒಪ್ಪಲಾರೆ. ಎರೆಯ ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಒಂದು ಕಡೆ ಮೊಳದಷ್ಟಕ್ಕೇ ನೀರು ಬಸಿಯುವ ಗರಸು ಸಿಕ್ಕರೆ ಇನ್ನೊಂದು ಕಡೆ ಹಲವು ಮೀಟರ್ ಇಳಿದರೂ ಕಪ್ಪು ಮಣ್ಣೇ. ಮೇಲೆ ಹೇಳಿದ ಗುಂಡಿಯ ಕೊನೆಯ 1 ಮೀಟರ್ ಗಂಟೆಗೆ 20 ಮಿಲಿಮೀಟರ್ ಕುಡಿಯುವ ಗರಸಿಗೆ ತಾಗಿದ್ದರೆ, ಅಷ್ಟರಿಂದಲೇ ಗಂಟೆಗೆ ಸುಮಾರು 100 ಲೀಟರ್ ಇಳಿಯುತ್ತಿತ್ತು.

ಆ ಗರಸು ಎಲ್ಲಿದೆ ಎಂದು ಅಗೆಯದೆ ಹುಡುಕುವ ಸಲಕರಣೆ ನಮ್ಮ ರೈತರಿಗೆ ಹೊಸದಲ್ಲ. ಬೋರ್‌ವೆಲ್ ಪಾಯಿಂಟ್ ಮಾಡಲು ಬರುವ ಜಿಯಾಲಜಿಸ್ಟ್ ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ ಹುಗಿದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಸರಳುಗಳ ಅಂತರ ಹಿಗ್ಗಿಸಿದಂತೆ ಹೆಚ್ಚು ಆಳದ ಸುದ್ದಿ ಸಿಗುತ್ತದೆ. ತೇವದ ಜೇಡಿ ವಿದ್ಯುತ್ತಿಗೆ ಅಡ್ಡಿ ಮಾಡುವುದು ತೀರ ಕಡಿಮೆ. ಗರಸು ಅದಕ್ಕಿಂತ ಹೆಚ್ಚು. ಗಟ್ಟಿ ಬಂಡೆಯದಂತೂ ಸಾವಿರಾರು ಓಮ್-ಮೀಟರ್. ನೀರು ತೆಗೆಯಲು ಇಷ್ಟು ಧಾರಾಳವಾಗಿ ಬಳಸಿದ ಈ ಯಂತ್ರವನ್ನು ನೆಲಕ್ಕೆ ನೀರು ಕೊಡುವ ಜಾಗ ನೋಡಲು ನಾವು ಕರೆಸುವುದು ಅಪರೂಪ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಯಂತ್ರವನ್ನು ಕುರುಡಾಗಿ ನಂಬಬೇಕಿಲ್ಲ. ಅಡ್ಡಿ ಕಡಿಮೆ ಎಂದು ತೋರಿದ ಜಾಗದಲ್ಲಿ ಜೇಡಿಯೂ ಇರಬಹುದು, ಉಪ್ಪುನೀರೂ ಇರಬಹುದು. ಮಲಪ್ರಭಾ, ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲದಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ, ಮತ್ತು ಅಲ್ಲಿ ಇನ್ನಷ್ಟು ನೀರು ಇಂಗಿಸುವುದು ಉಪ್ಪನ್ನು ಬೇರಿನ ಹತ್ತಿರಕ್ಕೆ ಎಬ್ಬಿಸಿದಂತೆ. ಬೇಸಿಗೆಯ ಬಿರುಕುಗಳೂ ಅಳತೆಯನ್ನು ಕೆಡಿಸುತ್ತವೆ. ಆದ್ದರಿಂದ ಅದೇ ಸಾಲನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ಅಳೆಯಬೇಕು. ನೀರು ಯಾವ ಪದರಕ್ಕೆ ಇಳಿಯಿತು ಎಂಬುದು ಆ ಎರಡರ ವ್ಯತ್ಯಾಸದಲ್ಲೇ ಕಾಣುತ್ತದೆ. ಊರಿನಲ್ಲಿ ಬಾವಿ ತೋಡಿದವರನ್ನೂ ಕೇಳಬೇಕು. ಎಷ್ಟು ಮೊಳಕ್ಕೆ ಎರೆ ಮುಗಿಯಿತು ಎಂಬುದು ಅವರಿಗೆ ನೆನಪಿರುತ್ತದೆ.

‘ಬಡವರ ಮನೆಗೆ ಸಮೀಕ್ಷೆಯ ಖರ್ಚೇಕೆ’ ಎಂಬ ಆಕ್ಷೇಪ ನ್ಯಾಯವಾದದ್ದು. ನಾನು ಕೇಳುತ್ತಿರುವುದೂ ಮನೆಮನೆಗೆ ಸಮೀಕ್ಷೆಯನ್ನಲ್ಲ. ಹೊಸ ಬಡಾವಣೆಯ ನಕ್ಷೆ ಒಪ್ಪಿಗೆಗೆ ಬರುವ ಮೊದಲೇ ಇಡೀ ಜಮೀನಿಗೆ ಒಮ್ಮೆ ಮಾಡಿಸಿದರೆ ಸಾಕು. ಗರಸು ಮೇಲಿರುವ ಕಡೆ ಉದ್ಯಾನ ಬರಲಿ, ಬೀದಿಯ ಮಳೆನೀರೆಲ್ಲ ಹೂಳು ಕಳೆದುಕೊಂಡು ಅಲ್ಲಿಗೆ ಹರಿಯಲಿ. ದಪ್ಪ ಎರೆಯ ಮೇಲಿನ ಮನೆಗಳಿಗೆ ಗುಂಡಿಯ ಬದಲು ತಾರಸಿ ನೀರು ಹಿಡಿಯುವ ಸಂಪು ಇರಲಿ. ಉದ್ಯಾನದಲ್ಲಿ ಆರಿಸಿದ ಜಾಗಕ್ಕೂ ಕೊನೆಯ ಪರೀಕ್ಷೆ ಹಳೆಯದೇ: ಒಂದು ಸಣ್ಣ ಗುಂಡಿ ತೋಡಿ, ಒಂದು ದಿನ ನೆನೆಸಿ, ಸಂಜೆಗೆ ಮತ್ತೆ ತುಂಬಿಸಿ, ಬೆಳಗ್ಗೆ ಎದ್ದು ಕೋಲು ಇಳಿಸಿ ನೋಡುವುದು.