ನಿಲ್ದಾಣದ ಸೈಕಲ್ಲೋ, ಆ್ಯಪ್‌ನ ಗಾಡಿಯೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಓದಿಗೋ ಕೆಲಸಕ್ಕೋ ಬೆಂಗಳೂರು, ಮೈಸೂರು ಸೇರುವ ಮಕ್ಕಳಿಗೆ ಊರಲ್ಲಿಲ್ಲದ ಒಂದು ತಾಪತ್ರಯ ಎದುರಾಗುತ್ತದೆ. ಮೆಟ್ರೊ, ಬಸ್ಸು ಇಳಿದ ಮೇಲೂ ಪಿ.ಜಿ.ಗೆ ಎರಡು ಮೂರು ಕಿಲೋಮೀಟರ್ ಉಳಿದಿರುತ್ತದೆ. ದಿನಾ ಆಟೊಗೆ ಕೊಟ್ಟು ಪೂರೈಸದು. ಸ್ವಂತ ಬೈಕ್ ಕೊಂಡರೆ ನಿಲ್ಲಿಸಲು ಜಾಗವಿಲ್ಲ. ಉಳಿಯುವುದು ಬಾಡಿಗೆ ಗಾಡಿ. ಅದರಲ್ಲೂ ಎರಡು ದಾರಿಗಳಿವೆ.

ಮೊದಲನೆಯದನ್ನು ಮೈಸೂರು ತೋರಿಸಿತು. 2017ರ ಜೂನ್ 4ರಂದು ಅಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಆರಂಭವಾದಾಗ 48 ನಿಲ್ದಾಣ, 450 ಸೈಕಲ್ ಇದ್ದವು. ಸೈಕಲ್ಲನ್ನು ಒಂದು ಕಡೆ ಬಿಡಿಸಿಕೊಂಡು ಇನ್ನೊಂದು ಕಡೆ ಸಿಕ್ಕಿಸಿದರಾಯಿತು. ಸರ್ಕಾರದ ಕೈ ಇರುವುದರಿಂದ ದರ ಕಡಿಮೆ. ನಿಲ್ದಾಣದಲ್ಲೇ ಸಿಕ್ಕಿಸುವುದರಿಂದ ಸೈಕಲ್ ಫುಟ್‌ಪಾತ್ ಮೇಲೆ ಬಿದ್ದಿರುವುದಿಲ್ಲ, ಮುದುಕರಿಗೂ ಕುರುಡರಿಗೂ ನಡೆಯಲು ಅಡ್ಡಿಯಿಲ್ಲ. ನನಗೆ ಇದು ದೊಡ್ಡ ಗುಣ. ಆದರೆ ನಿಲ್ದಾಣ ನಿಮ್ಮ ಬೀದಿಯಲ್ಲಿ ಇಲ್ಲದಿದ್ದರೆ ಈ ಗುಣವೆಲ್ಲ ನಿಮಗೆ ದಕ್ಕದು. 700 ಚದರ ಕಿಲೋಮೀಟರ್‌ಗೂ ಮೀರಿ ಹಬ್ಬಿದ ಬೆಂಗಳೂರಿಗೆ ಈ ಬಗೆ ಸಾಲಬೇಕಾದರೆ ನೂರಾರು ನಿಲ್ದಾಣ ಬೇಕು, ಪ್ರತಿಯೊಂದಕ್ಕೂ ಜಾಗ ಬೇಕು. ಬೆಳಿಗ್ಗೆ ಕಚೇರಿಗಳ ಕಡೆ ರಾಶಿ ಬೀಳುವ ಸೈಕಲ್‌ಗಳನ್ನು ಲಾರಿಯಲ್ಲಿ ಹೊತ್ತು ಮತ್ತೆ ಮನೆಗಳ ಕಡೆಗೆ ಹಂಚುವವರೂ ಬೇಕು.

ಎರಡನೆಯ ದಾರಿ ಆ್ಯಪ್‌ನ ಗಾಡಿಯದು. ಬೆಂಗಳೂರಿನ ಯುಲು ಕಂಪನಿಯ ಬ್ಯಾಟರಿ ಗಾಡಿ ಇದಕ್ಕೆ ಒಳ್ಳೆಯ ಉದಾಹರಣೆ: ಫೋನಿನಲ್ಲಿ ಸ್ಕ್ಯಾನ್ ಮಾಡು, ಹೋಗು, ಅವರು ಗುರುತಿಸಿದ ಜಾಗದಲ್ಲಿ ಬಿಡು. ಗಂಟೆಗೆ 25 ಕಿ.ಮೀ. ಮೀರದ, 250 ವಾಟ್ ಒಳಗಿನ ಬ್ಯಾಟರಿ ಗಾಡಿಗೆ ಲೈಸೆನ್ಸ್, ನೋಂದಣಿ ಬೇಡ. ಈಗಷ್ಟೇ ಪಿ.ಯು. ಮುಗಿಸಿ ಜಗಳೂರಿನಿಂದ ಬಂದವನಿಗೆ ಇದು ಸಣ್ಣ ವಿಷಯವಲ್ಲ. ಊಟ, ದಿನಸಿ ಡೆಲಿವರಿ ಮಾಡುವ ಹುಡುಗರಿಗಂತೂ ಇಂಥ ಬಾಡಿಗೆ ಗಾಡಿಯೇ ಬಂಡವಾಳವಿಲ್ಲದೆ ಕೆಲಸ ಹಿಡಿಯುವ ದಾರಿ.

ಆದರೆ ನಿಮಿಷ ನಿಮಿಷಕ್ಕೆ ಬಾಡಿಗೆ ಓಡುತ್ತದೆ. ಸಿಗ್ನಲ್‌ನಲ್ಲಿ ನಿಂತ ಹೊತ್ತಿಗೂ ದುಡ್ಡು ಕೊಟ್ಟಂತೆಯೇ. ಹೊರವರ್ತುಲ ರಸ್ತೆಯಲ್ಲಿ ಲಾರಿ, ಟೆಂಪೊಗಳ ನಡುವೆ ಇಷ್ಟು ನಿಧಾನದ ಗಾಡಿ ಓಡಿಸುವುದು ನನಗೆ ಭಯದ ಮಾತು. ಕಾನೂನು ಕೇಳಲಿ ಬಿಡಲಿ, ಹೆಲ್ಮೆಟ್ ಇರಲೇಬೇಕು. ಕಂಪನಿಗಳು ಮುಚ್ಚಿಹೋಗುವುದೂ ಉಂಟು. 2017ರ ಸುಮಾರಿಗೆ ಭಾರತಕ್ಕೆ ಬಂದ ಚೀನಾದ ಬಾಡಿಗೆ ಸೈಕಲ್ ಕಂಪನಿ ಓಫೊ ಮಾರನೇ ವರ್ಷವೇ ಕಾಲು ಕಿತ್ತಿತು. ಚೀನಾದಲ್ಲೇ ಅದರ ಠೇವಣಿ ವಾಪಸ್ ಕೇಳಿ ಕಾದವರು ಕೋಟಿ ಮೀರಿದ್ದರು.

ಮೈಸೂರಿನಲ್ಲಿ ಓದುವ ಹೊನ್ನಾಳಿಯ ಹುಡುಗಿಗೆ ಹಾಸ್ಟೆಲ್‌ಗೂ ಕಾಲೇಜಿಗೂ ಹತ್ತಿರ ನಿಲ್ದಾಣವಿದ್ದರೆ ಪೆಡಲ್ ಸೈಕಲ್ಲೇ ಸಾಕು. ಬೆಂಗಳೂರಿನಲ್ಲಿ ಪಾಳಿ ಬದಲಾಗುತ್ತಾ ಇರುವವನಿಗೆ ಆ್ಯಪ್‌ನ ಗಾಡಿ ಒಗ್ಗುತ್ತದೆ. ಆದರೆ ಅವನು ಹಣ ಕಟ್ಟುವ ಮೊದಲು ತನ್ನ ಪಾಳಿ ಮುಗಿಯುವ ಹೊತ್ತಿಗೆ ಆ ಜಾಗದಲ್ಲಿ ಚಾರ್ಜ್ ಇರುವ ಗಾಡಿ ಸಿಗುತ್ತದೆಯೇ ಎಂದು ನಾಲ್ಕು ದಿನ ನೋಡಲಿ. ಠೇವಣಿ ಇದ್ದರೆ, ಅದು ಯಾವಾಗ, ಹೇಗೆ ಹಿಂದಿರುಗುತ್ತದೆ ಎಂದು ಬರವಣಿಗೆಯಲ್ಲೇ ಓದಿಕೊಳ್ಳಲಿ.