ಜನರಲ್ ಲೀ ಗೆದ್ದಿದ್ದರೆ?

ಇತಿಹಾಸದ ಪಾಠ ಓದುವಾಗ ಮಕ್ಕಳು ‘ಹಾಗಾಗದೆ ಹೀಗಾಗಿದ್ದರೆ?’ ಎಂದು ಕೇಳುವುದುಂಟು. ಅತ್ತೆಗೆ ಮೀಸೆ ಬಂದಿದ್ದರೆ ಮಾವ ಎನ್ನಬಹುದಿತ್ತು ಎಂದು ಹಿರಿಯರು ನಕ್ಕು ತಳ್ಳಿಹಾಕುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಈ ‘ರೆ’ಯನ್ನೇ ಬೀಜವಾಗಿಟ್ಟುಕೊಂಡು ಬೆಳೆದ ಕಥಾಪ್ರಕಾರವೊಂದಿದೆ. ಅದರ ಹೆಸರು ಪರ್ಯಾಯ ಇತಿಹಾಸ. ಅಮೆರಿಕದ ಅಂತರ್ಯುದ್ಧ (1861–65) ಈ ಲೇಖಕರ ಅಚ್ಚುಮೆಚ್ಚಿನ ವಸ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದೇ ಸಿಡಿದು ಬೇರೆಯಾದ ದಕ್ಷಿಣದ ರಾಜ್ಯಗಳು ಗೆದ್ದಿದ್ದರೆ?

ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಇದೇ ಊಹೆಯ ಮೇಲೆ ಒಂದು ಪ್ರಬಂಧ ಬರೆದರು. ಅದರಲ್ಲಿ 1863ರ ಗೆಟಿಸ್‌ಬರ್ಗ್ ಕದನವನ್ನು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಗೆಲ್ಲುತ್ತಾನೆ. ಗೆದ್ದವನು ತಾನೇ ಗುಲಾಮಗಿರಿ ರದ್ದೆಂದು ಸಾರುತ್ತಾನೆ. ಹ್ಯಾರಿ ಟರ್ಟಲ್‌ಡವ್ ಅವರ 1992ರ ದಪ್ಪ ಕಾದಂಬರಿಯಲ್ಲಿ ಭವಿಷ್ಯದಿಂದ ಬಂದ ದಕ್ಷಿಣ ಆಫ್ರಿಕದ ಬಿಳಿಯರು ಲೀಯ ಸೈನಿಕರಿಗೆ ಎಕೆ-47 ಬಂದೂಕು ಕೊಡುತ್ತಾರೆ! ಅಲ್ಲಿಯೂ ಲೀ ಮುಂದೆ ಅಧ್ಯಕ್ಷನಾಗಿ, ಹಂತಹಂತವಾಗಿ ಗುಲಾಮರನ್ನು ಬಿಡಿಸಲು ಹೊರಡುತ್ತಾನೆ.

ಓದಲು ಬಲು ರಂಜಕ. ಆದರೆ ನಿಜ ಸಂಗತಿಗಳ ಪಕ್ಕದಲ್ಲಿಟ್ಟು ನೋಡಿ. ದಕ್ಷಿಣದವರು 1861ರಲ್ಲಿ ರಚಿಸಿಕೊಂಡ ಸಂವಿಧಾನ, ಗುಲಾಮರ ಮೇಲಿನ ಒಡೆತನಕ್ಕೆ ಕುಂದು ತರುವ ಕಾನೂನನ್ನು ಮಾಡಲೇಕೂಡದೆಂದು ವಿಧಿಸಿತ್ತು. ಒಬ್ಬ ಸೇನಾಪತಿಯ ಘೋಷಣೆಯಿಂದ ಅದು ಅಳಿಸಿಹೋಗುತ್ತಿತ್ತೆ? ಇನ್ನೂ ಕಠೋರವಾದ ಸಂಗತಿಯೊಂದಿದೆ. ಗೆಟಿಸ್‌ಬರ್ಗ್‌ನತ್ತ ಸಾಗಿದ ಲೀಯ ಸೇನೆ, ಪೆನ್ಸಿಲ್ವೇನಿಯದಲ್ಲಿ ಸ್ವತಂತ್ರರಾಗಿ ಬದುಕುತ್ತಿದ್ದ ಕಪ್ಪು ಜನರನ್ನು, ಹೆಂಗಸರು ಮಕ್ಕಳೆನ್ನದೆ ಹಿಡಿದು ದಕ್ಷಿಣಕ್ಕೆ ಗುಲಾಮರಾಗಿ ಅಟ್ಟಿತು. ಆ ಸೇನೆಯ ಗೆಲುವಿನಿಂದ ಬಿಡುಗಡೆ ಬರುತ್ತಿತ್ತೆನ್ನುವುದು ನನಗಂತೂ ಬಂದೂಕಿನ ಕಥೆಗಿಂತ ನಂಬಲು ಕಷ್ಟ.

1860ರ ಜನಗಣತಿಯಂತೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಈ ಕಥೆಗಳಲ್ಲಿ ಬಿಡುಗಡೆ ಅವರಿಗೆ ದೊಡ್ಡ ಮನುಷ್ಯನೊಬ್ಬ ಕೊಡುವ ದಾನ. ನಿಜ ಯುದ್ಧದಲ್ಲಾದರೋ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಉತ್ತರದ ಸೇನೆ ಸೇರಿ ಹೋರಾಡಿದರು. ಅವರಲ್ಲಿ ಬಹಳ ಮಂದಿ ಅದೇ ತಾನೆ ಗುಲಾಮಗಿರಿಯಿಂದ ಪಾರಾಗಿ ಬಂದವರು.

ಟೆರಿ ಬಿಸನ್ 1988ರಲ್ಲಿ ಬರೆದ ‘ಫೈರ್ ಆನ್ ದಿ ಮೌಂಟನ್’ ಪ್ರಶ್ನೆಯನ್ನು ಬೇರೆ ಕಡೆಯಿಂದ ಎತ್ತುತ್ತದೆ. 1859ರ ಅಕ್ಟೋಬರ್‌ನಲ್ಲಿ ಜಾನ್ ಬ್ರೌನ್ ಎಂಬ ಬಿಳಿಯ, 21 ಸಂಗಡಿಗರನ್ನು ಕಟ್ಟಿಕೊಂಡು ವರ್ಜೀನಿಯದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರಕ್ಕೆ ದಾಳಿಯಿಟ್ಟ. ಆಯುಧ ಹಿಡಿದು ಗುಲಾಮರನ್ನು ಬಿಡಿಸುವುದು ಅವನ ಎಣಿಕೆ. ಸಂಗಡಿಗರಲ್ಲಿ ಐವರು ಕಪ್ಪು ಜನ. ಎರಡೇ ದಿನದಲ್ಲಿ ಎಲ್ಲ ಮುಗಿಯಿತು. ಡಿಸೆಂಬರ್ 2ರಂದು ಬ್ರೌನ್‌ನನ್ನು ಗಲ್ಲಿಗೇರಿಸಿದರು. ಅವನನ್ನು ಹಿಡಿದ ಪಡೆಯ ನಾಯಕ ಬೇರಾರೂ ಅಲ್ಲ, ಇದೇ ರಾಬರ್ಟ್ ಲೀ.

ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಹೋಗಿ ಹಲವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್‌ಳನ್ನು ಬ್ರೌನ್ ಮೊದಲೇ ಕಂಡು ಮಾತನಾಡಿದ್ದ. ದಾಳಿಯ ದಿನ ಆಕೆ ಅಲ್ಲಿರಲಿಲ್ಲ. ಬಿಸನ್‌ರ ಕಥೆಯಲ್ಲಿ ಆಕೆ ಇರುತ್ತಾಳೆ. ಅಷ್ಟೇ ವ್ಯತ್ಯಾಸ! ದಾಳಿ ಗೆಲ್ಲುತ್ತದೆ, ಬೆಟ್ಟದಲ್ಲಿ ದಂಗೆಯ ಬೆಂಕಿ ಹೊತ್ತಿಕೊಳ್ಳುತ್ತದೆ, ಗುಲಾಮರು ತಾವೇ ಬಿಡುಗಡೆ ಪಡೆದು ದಕ್ಷಿಣದಲ್ಲಿ ಸ್ವತಂತ್ರ ರಾಷ್ಟ್ರ ಕಟ್ಟುತ್ತಾರೆ. ನೂರು ವರ್ಷಗಳ ಬಳಿಕದ ಬದುಕು ಅಲ್ಲಿ ತುಸು ಹೆಚ್ಚೇ ಸೊಗಸಾಗಿ ಕಾಣುತ್ತದೆ, ನಿಜ. ಆದರೆ ಇಲ್ಲಿ ‘ಗೆದ್ದಿದ್ದರೆ’ ಎಂದು ಕೇಳುತ್ತಿರುವವರು ಸರಪಳಿಯಲ್ಲಿದ್ದವರು.

ಆ ಕಾದಂಬರಿಯೊಳಗೇ ಇನ್ನೊಂದು ಪುಸ್ತಕ ಬರುತ್ತದೆ. ಅದರಲ್ಲಿ ಬ್ರೌನ್ ಸೋಲುತ್ತಾನೆ. ಅಲ್ಲಿಯವರ ಪಾಲಿಗೆ ಅದು ಬರೀ ಕಟ್ಟುಕಥೆ. ಪುಸ್ತಕ ತೆಳ್ಳಗಿದೆ, ಪಿಯುಸಿ ಮಕ್ಕಳು ಓದಬಹುದು. ಹಾರ್ಪರ್ಸ್ ಫೆರಿಯ ನಿಜ ಕಥೆಯನ್ನು ಮೊದಲು ಗ್ರಂಥಾಲಯದಲ್ಲಿ ಹುಡುಕಿ ಓದಿಕೊಳ್ಳಲಿ. ಇಲ್ಲವಾದರೆ ಲೇಖಕರು ಇತಿಹಾಸವನ್ನು ಎಲ್ಲಿ ತಿರುಗಿಸಿದರೆಂಬುದೇ ತಿಳಿಯದು.